ಉಪ್ಪಳದ ಶೆಡ್ಡಿನಲ್ಲಿ ಬೊಲೆರೊ ಚಾಸಿ ನೇರ ಮಾಡಿದ ದಾಖಲೆ

ಗಾಡಿ: 2.5 ಲೀಟರ್ ಡೀಸೆಲ್ ಬೊಲೆರೊ. ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಲೀಫ್. ಏಟು ಬಿದ್ದದ್ದು ಎಡಮುಂದಿನ ಮೂಲೆಗೆ, ರಸ್ತೆಗಾಗಿ ಕಡಿದ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ದಿಬ್ಬದ ಬರೆಗೆ ತಾಗಿ. ಬಂಪರ್, ಎಡ ಫೆಂಡರ್, ರೇಡಿಯೇಟರ್, ಎಡ ಹೆಡ್‌ಲೈಟ್ ಹೋಗಿವೆ. ಇವೆಲ್ಲ ಅಂಗಡಿಯಲ್ಲಿ ಸಿಗುವ ಸಾಮಾನು, ಇವುಗಳ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಎಡ ಮುಂಬಾಗಿಲು ತೆರೆಯುವಾಗ ಮೇಲಿನ ಮೂಲೆ ಕಂಬಕ್ಕೆ ಉಜ್ಜುತ್ತದೆ, ಎಡ ಮುಂಚಕ್ರ ಕಮಾನಿನೊಳಗೆ ಹಿಂದಕ್ಕೆ ಸರಿದು ನಿಂತಿದೆ. ಕೆಲಸ ಇರುವುದು ಅಲ್ಲಿ.

ಬೊಲೆರೊದಲ್ಲಿ ಬಾಡಿ ಬೇರೆ, ಚಾಸಿ ಬೇರೆ. ಎರಡು ಉದ್ದದ ರೇಲು, ನಡುವೆ ಅಡ್ಡಪಟ್ಟಿ, ಅದರ ಮೇಲೆ ರಬ್ಬರ್ ಇಟ್ಟು ಬೋಲ್ಟ್ ಹಾಕಿ ಕೂರಿಸಿದ ಬಾಡಿ. ಆಲ್ಟೊ, ಸ್ವಿಫ್ಟ್ ತರದ ಗಾಡಿಗಳಲ್ಲಿ ಬಾಡಿಯೇ ಚಾಸಿ. ಅವುಗಳ ತಗಡು ತೆಳು, ಕೆಲವು ಭಾಗ ತುಂಬ ಗಟ್ಟಿ ಉಕ್ಕು. ಅಲ್ಲಿ ಬೆಂಕಿ ತೋರಿಸಿದರೆ ಉಕ್ಕಿನ ಬಲವೇ ಹೋಗುತ್ತದೆ. ಹಾಗಾಗಿ ಕೆಳಗೆ ಬರೆದದ್ದನ್ನು ಆ ಗಾಡಿಗಳಿಗೆ ಹಾಗೆಯೇ ಅನ್ವಯಿಸಬೇಡಿ.

ಕೈ ಹಚ್ಚುವ ಮುಂಚೆ ಕಾಗದದ ಕೆಲಸ. ಇನ್ಶೂರೆನ್ಸ್ ಕ್ಲೇಮ್ ಇದ್ದರೆ ಸರ್ವೇಯರ್ ಬಂದು ನೋಡುವವರೆಗೆ ಒಂದು ಬೋಲ್ಟೂ ಬಿಚ್ಚಬಾರದು. ಉಪ್ಪಳ ಇರುವುದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ. ಕೇರಳದಲ್ಲಿ ಕ್ಲೇಮಿಗೆ ಸಾಮಾನ್ಯವಾಗಿ ಠಾಣೆಯ ಜಿ.ಡಿ. ಎಂಟ್ರಿ (ಜನರಲ್ ಡೈರಿಯಲ್ಲಿ ಬರೆಸಿದ ದಾಖಲೆ) ಕೇಳುತ್ತಾರೆ. ಪೊಲೀಸ್ ಕೇಸೇ ಆಗಿದ್ದರೆ ಮೋಟಾರು ವಾಹನ ಇನ್‌ಸ್ಪೆಕ್ಟರರ ಪರಿಶೀಲನೆಯೂ ಮುಗಿದಿರಬೇಕು. ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಬರೆದ ಗಾಡಿಯ ಬೆಲೆ) ಶೇ 75 ದಾಟುವ ಹಾಗಿದ್ದರೆ ಕಂಪನಿಯವರು ಗಾಡಿಯನ್ನು ಟೋಟಲ್ ಲಾಸ್, ಅಂದರೆ ಪೂರ್ತಿ ಹೋಯಿತು ಅನ್ನುವ ಲೆಕ್ಕಕ್ಕೆ ತಗೊಳ್ಳುತ್ತಾರೆ, ಆಮೇಲೆ ಚಾಸಿ ಎಳೆದು ಪ್ರಯೋಜನವಿಲ್ಲ. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳಿಗೆ ಶೇ 50 ಸವಕಳಿ ಕಳೆಯುತ್ತಾರೆ. ಬಾಡಿ ಮೌಂಟಿನ ರಬ್ಬರ್ ಸೆಟ್ಟಿನ ಅರ್ಧ ದುಡ್ಡು ಮಾಲೀಕರ ಕೈಯಿಂದಲೇ ಹೋಗುತ್ತದೆ ಅಂತ ಮೊದಲೇ ಹೇಳಿಬಿಡಿ, ಬಿಲ್ಲು ಕೊಡುವಾಗ ಜಗಳ ತಪ್ಪುತ್ತದೆ.

ಇನ್ನೊಂದು ಮಾತು. ಚಾಸಿ ನಂಬರು ಕೊರೆದ ಜಾಗ ಎಲ್ಲಿದೆ ಅಂತ ಹುಡುಕಿ, ಒರೆಸಿ, ಫೋಟೊ ತೆಗೆದು, ಮೇಲೆ ಟೇಪ್ ಅಂಟಿಸಿ. ಅದರ ಆಸುಪಾಸಿನಲ್ಲಿ ಗ್ರೈಂಡರ್, ಬೆಂಕಿ, ಸುತ್ತಿಗೆ ಯಾವುದೂ ಬೇಡ. ಬಾಗು ಅದೇ ಜಾಗದಲ್ಲಿ ಇದ್ದರೆ ಆರ್‌ಟಿಒ ಕಚೇರಿಯಲ್ಲಿ ಬರೆದು ಒಪ್ಪಿಗೆ ಪಡೆಯದೆ ಮುಟ್ಟುವುದೇ ಬೇಡ.

ಅಳತೆ

ಈ ಕೆಲಸದಲ್ಲಿ ಎಳೆಯುವುದಕ್ಕೆ ಹೋಗುವ ಹೊತ್ತಿಗಿಂತ ಅಳೆಯುವುದಕ್ಕೆ ಹೋಗುವ ಹೊತ್ತು ಹೆಚ್ಚು, ಹೆಚ್ಚೇ ಇರಬೇಕು. ಕಣ್ಣಿಗೆ ನೇರ ಕಂಡ ಚಾಸಿ 8-10 ಮಿ.ಮೀ. ಸೊಟ್ಟ ಇರುವುದು ಸಾಮಾನ್ಯ. ಗಾಡಿ ಒಂದು ಬದಿಗೆ ಎಳೆಯಲು ಅಷ್ಟು ಬೇಕಾದಷ್ಟಾಯಿತು.

ಲೇಸರ್ ಬೆಂಚು ಇಲ್ಲದ ಶೆಡ್ಡಿಗೆ ಬೇಕಾದ್ದು ಮೇಸ್ತ್ರಿಗಳ ಸಾಮಾನೇ: ಒಂದು ತೂಗುಗುಂಡು, 10 ಮೀಟರ್ ಪಾರದರ್ಶಕ ನೀರಿನ ಟ್ಯೂಬು, ಉಕ್ಕಿನ ಟೇಪು, ಸಪೂರದ ನೈಲಾನ್ ನೂಲು. ಟ್ಯೂಬಿನ ನೀರಿಗೆ ಬಟ್ಟೆಗೆ ಹಾಕುವ ನೀಲಿ ಎರಡು ಹನಿ ಬಿಟ್ಟರೆ ಮಟ್ಟ ಚೆನ್ನಾಗಿ ಕಾಣುತ್ತದೆ. ಟ್ಯೂಬಿನೊಳಗೆ ಒಂದು ಗುಳ್ಳೆ ಉಳಿದರೂ ಎರಡು ತುದಿಯ ಮಟ್ಟ ಸುಳ್ಳು ಹೇಳುತ್ತದೆ. ಅದಕ್ಕೇ ಪ್ರತಿ ಸಲ ಅಳೆಯುವ ಮುಂಚೆ ಎರಡೂ ತುದಿ ಒಟ್ಟಿಗೆ ಹಿಡಿದು ನೀರು ಸಮ ನಿಲ್ಲುತ್ತದಾ ನೋಡಿ.

ಗಾಡಿಯನ್ನು ನಾಲ್ಕು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದು ಚಾಸಿಯ ನಡುಭಾಗದಲ್ಲಿ, ಅಂದರೆ ಏಟು ತಲುಪದ ಜಾಗದಲ್ಲಿ. ನಡುಭಾಗ ಸರಿ ಇದ್ದರೆ ಮಾತ್ರ ಅದನ್ನು ಆಧಾರವಾಗಿ ಹಿಡಿಯಬಹುದು. ಎರಡೂ ರೇಲಿನಲ್ಲಿ ಐದೈದು ಗುರುತು: 1 ಬಂಪರ್ ಬ್ರಾಕೆಟ್ಟಿನ ತೂತು, 2 ಲೋವರ್ ಆರ್ಮಿನ (ಚಕ್ರವನ್ನು ಕೆಳಗಿನಿಂದ ಚಾಸಿಗೆ ಹಿಡಿದಿಡುವ ಭಾಗ) ಮುಂದಿನ ಬೋಲ್ಟ್, 3 ಕಾಲಿಡುವ ಜಾಗದ ಕೆಳಗಿನ ಬಾಡಿ ಮೌಂಟ್, 4 ಹಿಂದಿನ ಸ್ಪ್ರಿಂಗಿನ ಮುಂದಿನ ಹ್ಯಾಂಗರ್ (ಸ್ಪ್ರಿಂಗಿನ ತುದಿ ಹಿಡಿಯುವ ಬ್ರಾಕೆಟ್), 5 ಅದರ ಹಿಂದಿನ ಹ್ಯಾಂಗರ್. ಎಡಕ್ಕೆ ಎ, ಬಲಕ್ಕೆ ಬ. ಪ್ರತಿ ಬಿಂದುವಿನಿಂದ ಗುಂಡು ಇಳಿಸಿ, ಕೆಳಗೆ ನೆಲಕ್ಕೆ ಅಂಟಿಸಿದ ಬಿಳಿ ಟೇಪಿನ ಮೇಲೆ ಪೆನ್ಸಿಲ್ ಗುರುತು. ಎಂಜಿನ್, ಗೇರ್‌ಬಾಕ್ಸ್ ಅಡ್ಡ ಬಾರದೆ ಕರ್ಣ ಅಳೆಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಫ್ಯಾನ್ ಬಂದ್ ಮಾಡಿ, ಗುಂಡು ಅಲ್ಲಾಡದೆ ನಿಲ್ಲಲಿ.

ಸಿಕ್ಕಿದ್ದು ಇಷ್ಟು. ನಡುವಿನ ಆಯತದಲ್ಲಿ ಎ3-ಬ4 ಮತ್ತು ಬ3-ಎ4 ಕರ್ಣಗಳ ವ್ಯತ್ಯಾಸ 2 ಮಿ.ಮೀ., ಹಿಂದಿನದರಲ್ಲಿ 1. ಇಂಥ ಏಣಿ ಆಕಾರದ (ಲ್ಯಾಡರ್) ಚಾಸಿಗೆ 3 ಮಿ.ಮೀ. ಒಳಗಿನ ವ್ಯತ್ಯಾಸ ನಡೆಯುತ್ತದೆ. ಅಂದರೆ ನಡು, ಹಿಂಭಾಗ ಸರಿ, ಒಂದು ರೇಲು ಇನ್ನೊಂದಕ್ಕಿಂತ ಪೂರ್ತಿ ಹಿಂದೆ ಜಾರಿಲ್ಲ. ಮುಂದೆ ಮಾತ್ರ ತೊಂದರೆ. ಎ1-ಎ3 ಅದರ ಜೋಡಿಗಿಂತ 31 ಮಿ.ಮೀ. ಗಿಡ್ಡ, ಎ2-ಎ3 11 ಮಿ.ಮೀ. ಗಿಡ್ಡ. ಎ2, ಬ2 ಎರಡೂ ನಡುಗೆರೆಯಿಂದ 9 ಮಿ.ಮೀ. ಬಲಕ್ಕೆ ಸರಿದಿವೆ. ಬ2-ಎ3 ಕರ್ಣ ಎ2-ಬ3ಕ್ಕಿಂತ 20 ಮಿ.ಮೀ. ಉದ್ದ. ನೀರಿನ ಟ್ಯೂಬಿನ ಪ್ರಕಾರ ಎ2 ಬ2ಕ್ಕಿಂತ 6 ಮಿ.ಮೀ. ಮೇಲೆ, ಎ1 17 ಮಿ.ಮೀ. ಮೇಲೆ.

ಮುಂದಿನ, ಹಿಂದಿನ ಚಕ್ರದ ನಡುವಿನ ಅಂತರ, ಅಂದರೆ ವೀಲ್‌ಬೇಸ್ ನೋಡಿ. ಬೊಲೆರೊದ ವೀಲ್‌ಬೇಸ್ 2680 ಮಿ.ಮೀ. ಬಲಕ್ಕೆ 2680 ಬಂತು, ಎಡಕ್ಕೆ 2658. 22 ಮಿ.ಮೀ. ಕಡಿಮೆ ಅಂತ ಚಾಸಿಯನ್ನು 22 ಮಿ.ಮೀ. ಎಳೆದರೆ ಕೆಲಸ ಕೆಟ್ಟಿತು. ಚಾಸಿಯ ಪಾಲು ಎ2-ಎ3ರಲ್ಲಿ ಸಿಕ್ಕಿದ 11 ಮಾತ್ರ. ಉಳಿದ 11 ಬಾಗಿದ ಲೋವರ್ ಆರ್ಮಿನದ್ದು. ಆರ್ಮ್ ಬಿಚ್ಚಿ ಬಲದ ಆರ್ಮಿನ ಪಕ್ಕ ಇಟ್ಟು, ಬೋಲ್ಟ್ ತೂತಿನಿಂದ ಚಕ್ರದ ಕಡೆಯ ಬಾಲ್‌ಜಾಯಿಂಟಿಗೆ (ಗುಂಡು ಕೀಲಿಗೆ) ಅಳೆದರೆ ಗೊತ್ತಾಗುತ್ತದೆ. ಇದನ್ನು ಬೇರ್ಪಡಿಸದೆ ಎಳೆದವರ ಗಾಡಿಯಲ್ಲಿ ಚಕ್ರ ಸರಿಯಾದ ಜಾಗಕ್ಕೆ ಬರುತ್ತದೆ, ಬಾಗಿಲು ಮಾತ್ರ ಜನ್ಮದಲ್ಲಿ ಕೂರುವುದಿಲ್ಲ.

ಬಿಚ್ಚುವುದು

ಬ್ಯಾಟರಿ ನೆಗೆಟಿವ್ ಮೊದಲು. ಏಸಿ ಗ್ಯಾಸ್ ಮೆಷಿನ್‌ನಲ್ಲಿ ಎಳೆಸಿ, ಗಾಳಿಗೆ ಬಿಡಬೇಡಿ. ರೇಡಿಯೇಟರ್, ಕಂಡೆನ್ಸರ್, ಇಂಟರ್‌ಕೂಲರ್, ಮುಂದಿನ ಪ್ಯಾನೆಲ್, ಎರಡೂ ಫೆಂಡರ್, ಎಡ ಸಸ್ಪೆನ್ಶನ್ ಪೂರ್ತಿ ಹೊರಗೆ. ಕಾಯಿಲ್ ಸ್ಪ್ರಿಂಗನ್ನು ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಹಾಕಿಯೇ ತೆಗೆಯಬೇಕು, ಬರೀ ಜಾಕಿ ಇಳಿಸಿ ತೆಗೆಯುವುದು ಬೇಡ. ಡೀಸೆಲ್ ಟ್ಯಾಂಕ್ ಬಿಚ್ಚಿ ಶೆಡ್ಡಿನ ಹೊರಗೆ. ವೆಲ್ಡಿಂಗ್ ಇರುವುದರಿಂದ ಆಲ್ಟರ್‌ನೇಟರ್ ವಯರು, ಇಸಿಯು (ಎಂಜಿನ್ ಕಂಪ್ಯೂಟರ್) ಕನೆಕ್ಟರ್ ಕಳಚಿ.

ಬಾಡಿ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಆಯಿಲ್. ಕಡಲ ಗಾಳಿ ತಾಗುವ ಗಾಡಿಗಳಲ್ಲಿ ಒಂದೆರಡು ಬೋಲ್ಟ್ ಬಿಡುವುದೇ ಇಲ್ಲ. ಹಟ ಹಿಡಿದು ತಿರುಗಿಸಿದರೆ ಬಾಡಿಯೊಳಗಿನ ನಟ್ಟು ಪಂಜರ ಸಮೇತ ತಿರುಗತೊಡಗುತ್ತದೆ. ಆಮೇಲೆ ಮ್ಯಾಟ್ ಎತ್ತಿ ಫ್ಲೋರಿನಲ್ಲಿ ಕಿಟಕಿ ಕೊರೆಯಬೇಕು. ಅದಕ್ಕಿಂತ ತಲೆ ಕತ್ತರಿಸಿ ಹೊಸ ಬೋಲ್ಟ್ ಹಾಕುವುದು ಲೇಸು.

ಬಾಡಿ ಪೂರ್ತಿ ಎತ್ತುವ ಅಗತ್ಯ ಇಲ್ಲಿ ಬರಲಿಲ್ಲ. ಎಲ್ಲ ಬೋಲ್ಟ್ ಸಡಿಲಿಸಿ, ಮುಂದಿನ ಮೌಂಟುಗಳದ್ದು ತೆಗೆದು, ಮುಂಭಾಗ ಮಾತ್ರ 60 ಮಿ.ಮೀ. ಎತ್ತಿ ಹಲಸಿನ ಮರದ ತುಂಡು ಇಟ್ಟದ್ದು. ಎತ್ತುವ ಮುಂಚೆ ಸ್ಟೀರಿಂಗ್ ಶಾಫ್ಟಿನ ಜಾಯಿಂಟ್ ಗುರುತು ಹಾಕಿ ಬಿಡಿಸಿ. ಬ್ರೇಕ್ ಪೈಪು, ಕ್ಲಚ್ ಪೈಪು, ಅರ್ತ್ ಪಟ್ಟಿ, ಗೇರ್ ಲಿವರಿನ ಬೂಟು ಎಳೆದುಕೊಳ್ಳುತ್ತವಾ ನೋಡುತ್ತ ಎತ್ತಿ.

ಎಳೆಯುವುದು

ನೆಲದಲ್ಲಿ ಕಬ್ಬಿಣದ ಪಂಜರ ಕಟ್ಟಿ ಹೂತ ಕೊಂಡಿಗಳಿವೆ, ಅದರ ಸುತ್ತ 200 ಮಿ.ಮೀ. ಕಾಂಕ್ರೀಟ್. ಬರೀ ಮುರಕಲ್ಲಿನ ನೆಲಕ್ಕೆ ಗೂಟ ಹೊಡೆದು ಎಳೆಯಲು ಹೋಗಬೇಡಿ. ಬೇಸಗೆಯಲ್ಲಿ ಕಲ್ಲಿನ ಹಾಗೆ ನಿಂತ ಗೂಟ ಮಳೆ ನೀರು ಇಳಿದ ಮೇಲೆ ಕಿತ್ತು ಬರುತ್ತದೆ.

ಸರಪಳಿ 13 ಮಿ.ಮೀ., ಗ್ರೇಡ್ 80. ಇದಕ್ಕೆ ಹೊರಬಹುದಾದ ಭಾರ 5.3 ಟನ್. 10 ಮಿ.ಮೀ. ಸರಪಳಿಗೆ 3.15 ಟನ್ ಅಷ್ಟೆ. ಎಳೆಯಲು ಬಳಸುವ ಪೋರ್ಟಾಪವರ್ (ಕೈಪಂಪಿನ ಹೈಡ್ರಾಲಿಕ್ ಜಾಕಿ) ಸಿಲಿಂಡರಿನ ಮೇಲೆ 10 ಟನ್ ಅಂತ ಬರೆದಿದೆ, ಸರಪಳಿ ಅದರ ಅರ್ಧಕ್ಕೆ ನಿಂತುಹೋಗುತ್ತದೆ ಅನ್ನುವುದನ್ನು ಪಂಪ್ ಒತ್ತುವವರು ನೆನಪಿಡಬೇಕು. 700 ಬಾರ್ (ಒತ್ತಡದ ಅಳತೆ) ಒತ್ತಡಕ್ಕೆ 10 ಟನ್ ಕೊಡುವ ಸಿಲಿಂಡರಾದರೆ 100 ಬಾರ್‌ಗೆ ಹೆಚ್ಚುಕಡಿಮೆ 1.4 ಟನ್. ಹಾಗಾಗಿ ಗೇಜಿನ ಮೇಲೆ 350ರಲ್ಲಿ ಕೆಂಪು ಗೆರೆ. ಗೇಜ್ ಇಲ್ಲದ ಪಂಪಿನಲ್ಲಿ ಚಾಸಿ ಎಳೆಯಬಾರದು. ಸಿಲಿಂಡರ್ ಸರಪಳಿಯನ್ನು ಓರೆಯಾಗಿ ತಳ್ಳುವಾಗ ಸರಪಳಿ ಹೆಚ್ಚು ಚಪ್ಪಟೆಯಾಗಿದ್ದಷ್ಟು ಅದರ ಮೇಲಿನ ಎಳೆತ ಗೇಜು ತೋರಿಸುವುದಕ್ಕಿಂತ ಮೇಲೆ ಹೋಗುತ್ತದೆ, ಆಗ ಕೆಂಪು ಗೆರೆಯನ್ನೂ ನಂಬಬೇಡಿ. ಸರಪಳಿಯ ನೇರಕ್ಕೆ ಯಾರೂ ನಿಲ್ಲಬಾರದು. ಅದರ ಮೇಲೆ ಒದ್ದೆ ಗೋಣಿ ನಾಲ್ಕು ಹಾಕಿ. ತುಂಡಾದರೆ ಅದು ಹಾರದೆ ಕೆಳಗೆ ಬೀಳಬೇಕು.

ಕಟ್ಟಿದ್ದು ನಾಲ್ಕು ಕಡೆ: ಎ3, ಬ3, ಎ4, ಬ4 ಹತ್ತಿರದ ರೇಲಿಗೆ. ಕ್ಲಾಂಪಿನ ಎರಡೂ ಬದಿಗೆ 10 ಮಿ.ಮೀ. ಪ್ಲೇಟ್ ಕೊಡದಿದ್ದರೆ ಪೆಟ್ಟಿಗೆ ಆಕಾರದ ರೇಲು ಜಜ್ಜಿಹೋಗುತ್ತದೆ.

ಎ2ರ ಮುಂದಿನ 210 ಮಿ.ಮೀ. ತುದಿ ಮಡಚಿಹೋಗಿದೆ, ಉಳಿಸುವಂಥದ್ದಲ್ಲ. ಬಾಗಿದ್ದನ್ನು ನೇರ ಮಾಡಬಹುದು, ಮಡಿಕೆ ಬಿದ್ದದ್ದನ್ನು ಬದಲಿಸಬೇಕು. ಆದರೆ ಅದನ್ನು ಈಗಲೇ ಕತ್ತರಿಸುವುದು ತಪ್ಪು. ಹಿಂದಿನ ರೇಲನ್ನು ಎಳೆಯಲು ಅದೇ ಹಿಡಿ. 6 ಮಿ.ಮೀ. ಪ್ಲೇಟಿನ ಕಿವಿ ಅದಕ್ಕೇ ವೆಲ್ಡ್ ಮಾಡಿ ಸರಪಳಿ ಕೊಕ್ಕೆ ಹಾಕಿದ್ದು. ಹೇಗೂ ಹೋಗುವ ತುಂಡು, ಒಳ್ಳೆಯ ರೇಲಿಗೆ ಗಾಯವೂ ಇಲ್ಲ.

ಮೊದಲು ಉದ್ದ. ಉದ್ದ ಬಿಡಿಸದೆ ಬದಿಗೆ ಎಳೆದರೆ ಒಳಬದಿಯ ಸುಕ್ಕು ಸ್ಪ್ರಿಂಗಿನ ಹಾಗೆ ವಾಪಸು ತಳ್ಳುತ್ತದೆ.

ಮೊದಲ ಎಳೆತ, 220 ಬಾರ್: ಭಾರ ಇರುವಾಗ ಎ2-ಎ3 ಕೊರತೆ 11ರಿಂದ 4ಕ್ಕೆ ಇಳಿಯಿತು. ಬಿಟ್ಟ ಮೇಲೆ 8. ಏಳು ಎಳೆದರೆ ಮೂರು ಉಳಿಯಿತು. ಉಕ್ಕಿನ ಸ್ವಭಾವವೇ ಹಾಗೆ, ಗಾಬರಿಯಾಗಿ ಒಮ್ಮೆಲೇ 350ಕ್ಕೆ ಒತ್ತುವುದು ಬೇಡ.

ಎರಡನೆಯದು, 280 ಬಾರ್: ಭಾರ ಇರುವಾಗಲೇ ಒಳಬದಿಯ ಸುಕ್ಕಿನ ಸುತ್ತ 2 ಕಿಲೊ ಸುತ್ತಿಗೆಯಿಂದ, ನಡುವೆ ತಾಮ್ರದ ತುಂಡು ಹಿಡಿದು ಬಡಿದದ್ದು. ಬಡಿಯುತ್ತಿದ್ದ ಹಾಗೆ ಗೇಜಿನ ಮುಳ್ಳು ತಾನಾಗಿ ಇಳಿಯುತ್ತದೆ. ಒಳಗಿನ ಬಿಗಿ ಬಿಡುತ್ತಿದೆ ಅಂತ ಅದರ ಅರ್ಥ. ಮತ್ತೆ ಒತ್ತಿ, ಮತ್ತೆ ಬಡಿದು, ಸರಿ ಅಳತೆಗಿಂತ 2 ಮಿ.ಮೀ. ಮುಂದಕ್ಕೆ. ಬಿಟ್ಟಾಗ ಕೊರತೆ 5.

ಮೂರನೆಯದಕ್ಕೆ ಬೆಂಕಿ. ಹಳೆಯ ಸಾದಾ ಉಕ್ಕಿನ ರೇಲಿಗೆ, ಅದೂ ಸುಕ್ಕಿನ ಜಾಗಕ್ಕೆ ಮಾತ್ರ. ಕಂಪನಿಯ ಮ್ಯಾನ್ಯುವಲ್ ಬೇಡ ಅಂದರೆ ಬೇಡ. ಮಿತಿ 650 ಡಿಗ್ರಿ, ನೆರಳಿನಲ್ಲಿ ಮಾತ್ರ ಕಾಣುವ ಮಂದ ಕೆಂಪು. ಹಗಲು ಬಿಸಿಲಲ್ಲಿ ಆ ಕೆಂಪು ಕಾಣುವುದಿಲ್ಲ, ಕಂಡಿತು ಅನ್ನುವಾಗ ಮಿತಿ ದಾಟಿರುತ್ತದೆ. ಶಟರ್ ಎಳೆದು, 650ರ ತಾಪಮಾನದ ಚಾಕ್ ಗೀಚಿ ಕೆಲಸ ಮಾಡಿ: ಗೀರು ಕರಗಿದೊಡನೆ ಟಾರ್ಚ್ ತೆಗೆಯಬೇಕು. ಮೊದಲು ಪೆಟ್ಟಿಗೆಯ ಮೂಲೆಗಳನ್ನು ಕಾಯಿಸಿ, ಆಮೇಲೆ ಚಪ್ಪಟೆ ಮುಖ. ಮೂಲೆಯಲ್ಲಿ ಬಲ ಇರುವುದು, ಚಪ್ಪಟೆ ಮುಖವನ್ನೇ ಮೊದಲು ಕಾಯಿಸಿದರೆ ಅದು ಉಬ್ಬುತ್ತದೆ. ನೀರು ಸುರಿಯಬೇಡಿ. ಸರಿ ಅಳತೆಗಿಂತ 4 ಮಿ.ಮೀ. ಮುಂದಕ್ಕೆ ಎಳೆದು, ಬಡಿದು, ಕೈ ಇಡುವಷ್ಟು ತಣಿಯುವವರೆಗೆ ಭಾರ ಹಾಗೇ ಇಟ್ಟದ್ದು. ಬಿಟ್ಟಾಗ ಕೊರತೆ 1.

ಬದಿಯ 9 ಮಿ.ಮೀ. ಎರಡು ಎಳೆತಕ್ಕೆ 2ಕ್ಕೆ ಬಂತು. ಸರಪಳಿ ಎ2ರಿಂದ ಎಡಕ್ಕೆ, ಎ3ರ ಹೊರಬದಿಗೆ ನೆಲದ ಕೊಂಡಿಗೆ ಒರಗಿಸಿದ ಮರದ ತುಂಡು. ಆ ತಡೆ ಇಲ್ಲದಿದ್ದರೆ ಮುಂಭಾಗ ಬಾಗುವುದಿಲ್ಲ, ಗಾಡಿಯೇ ಎಡಕ್ಕೆ ಜರುಗುತ್ತದೆ. ಎತ್ತರಕ್ಕೆ ಎ3ರ ಕೆಳಗೆ ಸ್ಟ್ಯಾಂಡ್ ಗಟ್ಟಿ ಕೊಟ್ಟು ಎ2ವನ್ನು ನೆಲಕ್ಕೆ ಎಳೆದದ್ದು: 6 ಇದ್ದದ್ದು 2. ಪ್ರತಿ ಎಳೆತದ ನಂತರ ಎಲ್ಲ ಅಳತೆಯೂ ಮತ್ತೆ, ಎಳೆದದ್ದು ಮಾತ್ರ ಅಲ್ಲ. ಎತ್ತರ ಸರಿ ಮಾಡುವಾಗ ಉದ್ದ ಒಂದೆರಡು ಮಿ.ಮೀ. ತಪ್ಪುವುದುಂಟು. ಕೊನೆಗೆ ಮುಂದಿನ ಕರ್ಣಗಳ ವ್ಯತ್ಯಾಸ 3. ಅಲ್ಲಿಗೆ ನಿಲ್ಲಿಸಿದ್ದು. ಸೊನ್ನೆ ಮಾಡಲು ಹೋಗಿ ಉಕ್ಕನ್ನು ಇನ್ನೆರಡು ಸಲ ಬಗ್ಗಿಸಿದರೆ ಬಿರುಕಿಗೆ ದಾರಿ.

ಬಿರುಕು ಹುಡುಕಿದ್ದು ಆಮೇಲೆ. ಅಡ್ಡಪಟ್ಟಿಯ ಜೋಡಣೆ, ಸ್ಟೀರಿಂಗ್ ಬ್ರಾಕೆಟ್, ಸುಕ್ಕು ಇದ್ದ ಜಾಗ ಮೂರನ್ನೂ ಬಣ್ಣ ಹೋಗುವವರೆಗೆ ವೈರ್ ಬ್ರಷ್‌ನಲ್ಲಿ ಉಜ್ಜಿ, ಬಿರುಕಿನೊಳಗೆ ಇಳಿಯುವ ಕೆಂಪು ಪೆನಿಟ್ರೆಂಟ್ ಹಚ್ಚಿ, ಒರೆಸಿ, ಅದನ್ನು ಹೊರಗೆಳೆದು ತೋರಿಸುವ ಬಿಳಿ ಡೆವಲಪರ್. ಗ್ರೈಂಡರ್ ಹಾಕಿದರೆ ಬಿರುಕಿನ ಬಾಯಿ ಮೆತ್ತಿಕೊಂಡು ಕಾಣದೆ ಹೋಗುತ್ತದೆ. ಎಡ ಅಡ್ಡಪಟ್ಟಿಯ ಕೆಳಗಿನ ವೆಲ್ಡಿನಲ್ಲಿ 15 ಮಿ.ಮೀ. ಕೆಂಪು ಗೆರೆ ಮೂಡಿತು. ಎರಡೂ ತುದಿಗೆ 3 ಮಿ.ಮೀ. ತೂತು ಕೊರೆದು, ನಡುವೆ ವಿ ಆಕಾರದಲ್ಲಿ ತೆರೆದು, ಮತ್ತೆ ವೆಲ್ಡ್.

ತುದಿಯ ತುಂಡು

ಮಡಚಿದ 210 ಮಿ.ಮೀ. ಕತ್ತರಿಸಿ, ಅದೇ ಮಾಡೆಲಿನ ಬೇರೆ ಗಾಡಿಯ ತುಂಡು ಕೂರಿಸಿದ್ದು. ಗುಜರಿಯಿಂದ ತರುವುದಾದರೆ ಬಿಲ್ ಇಲ್ಲದೆ ಚಾಸಿಯ ತುಂಡು ತರಬೇಡಿ, ಮತ್ತು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿ. ಒಳಗೆ ತುಕ್ಕು ಪದರ ಕಟ್ಟಿದ ರೇಲು ಟಣ್ ಅನ್ನುವುದಿಲ್ಲ, ಡಬ್ ಅನ್ನುತ್ತದೆ.

ಜೋಡಣೆಯೊಳಗೆ 100 ಮಿ.ಮೀ. ತೋಳು (ರೇಲಿನೊಳಗೆ ತೂರಿಸುವ ಒಳಪೆಟ್ಟಿಗೆ), ಎರಡೂ ಕಡೆಗೆ 50. ತೋಳಿನ ಹಿಂದಿನ ತುದಿಯನ್ನು ನೇರಕ್ಕೆ ಕತ್ತರಿಸದೆ ಓರೆಯಾಗಿ ಕತ್ತರಿಸಿ. ನೇರ ಇದ್ದರೆ ಬಲ ಬದಲಾಗುವ ಗೆರೆಯಲ್ಲೇ ನಾಳೆ ಬಿರುಕು. ರೇಲಿನಲ್ಲಿ 10 ಮಿ.ಮೀ. ತೂತು ಕೊರೆದು, ಆ ತೂತನ್ನೇ ತುಂಬುವ ಪ್ಲಗ್ ವೆಲ್ಡ್, ಆಮೇಲೆ 2 ಮಿ.ಮೀ. ಸಂದು ಬಿಟ್ಟ ಸುತ್ತಿನ ವೆಲ್ಡ್. ಒಮ್ಮೆಗೆ 25 ಮಿ.ಮೀ., ಎದುರುಬದುರು ಮುಖಕ್ಕೆ ಬದಲಾಯಿಸುತ್ತ. ಒಂದೇ ಬದಿಯಲ್ಲಿ ಸುತ್ತಿದರೆ ವೆಲ್ಡ್ ಕುಗ್ಗುವಾಗ ತುದಿ ಆ ಕಡೆಗೆ ವಾಲುತ್ತದೆ. ಇಷ್ಟು ಅಳೆದದ್ದೆಲ್ಲ ನೀರಿಗೆ ಹೋಮ. ಅದಕ್ಕೇ ಮೊದಲು ಬಂಪರ್ ಬ್ರಾಕೆಟ್ ಕಟ್ಟಿ, ಎ1-ಬ1 ಅಗಲ, ಕರ್ಣ ನೋಡಿ, ನಾಲ್ಕು ಟ್ಯಾಕ್ (ಚುಕ್ಕಿ ವೆಲ್ಡ್) ಹಾಕಿ, ಮತ್ತೆ ನೋಡಿ.

ಮಿಗ್ ಇದ್ದರೆ 1.0 ಮಿ.ಮೀ. ಇಆರ್70ಎಸ್-6 ವಯರು. ಆರ್ಕ್ ಮಾತ್ರ ಇದ್ದರೆ ಇ7018 ರಾಡು. ಇ6013 ಕಿವಿ ಅಂಟಿಸಲಿಕ್ಕೆ ಸಾಕು, ಚಾಸಿಗೆ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿಯಲ್ಲಿ ತೆರೆದಿಟ್ಟ 7018 ಪೆಟ್ಟಿಗೆ ಒಂದೇ ದಿನದಲ್ಲಿ ತೇವ ಕುಡಿಯುತ್ತದೆ. ವೆಲ್ಡಿನಲ್ಲಿ ಸಣ್ಣ ತೂತು ಬರುತ್ತದೆ. ಕಣ್ಣಿಗೆ ಕಾಣುವ ತೂತಿಗಿಂತ ಕಾಣದ ಹೈಡ್ರೋಜನ್ ಬಿರುಕು ಅಪಾಯ. ರಾಡನ್ನು 350 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ, ಬಿಸಿ ಇರುವಾಗಲೇ ಬಳಸಿ. ಬಿಸಿಲಿಗೆ ಇಟ್ಟರೆ ಸಾಕು ಅನ್ನುವವರಿದ್ದಾರೆ, ಸಾಲುವುದಿಲ್ಲ.

ಬೆಂಕಿ ತಾಗಿದ ಕಡೆ ರೇಲಿನ ಒಳಗಿನ ಬಣ್ಣವೂ ಸುಟ್ಟಿರುತ್ತದೆ, ಹೆಚ್ಚಿನವರು ಮರೆಯುವುದು ಇದನ್ನೇ. ಹೊರಗೆ ಜಿಂಕ್ ಪ್ರೈಮರ್, ಮೇಲೆ ಕಪ್ಪು ಚಾಸಿ ಪೇಂಟ್. ಒಳಗೆ ಬದಿಗೆ ತೂತಿರುವ ಸಪೂರ ಪೈಪು ತೂರಿಸಿ ಕ್ಯಾವಿಟಿ ವ್ಯಾಕ್ಸ್. ಅದಕ್ಕೆ ಮೊದಲು ರೇಲಿನ ಕೆಳಗಿನ ನೀರು ಹೋಗುವ ತೂತುಗಳಲ್ಲಿ ತುಂಬಿದ ಕೆಂಪು ಕೆಸರನ್ನು ತಂತಿಯಿಂದ ಚುಚ್ಚಿ ತೆಗೆಯಿರಿ. ಗಾಳಿಯ ತೇವ ಶೇ 85 ದಾಟಿದ ದಿನ ಪ್ರೈಮರ್ ಹೊಡೆಯಬೇಡಿ.

ಜೋಡಿಸುವುದು, ಓಡಿಸುವುದು

ಲೋವರ್ ಆರ್ಮ್, ಟೈರಾಡ್, ಬಾಲ್‌ಜಾಯಿಂಟ್ ಹೊಸತು. ಆರ್ಮನ್ನು ಪ್ರೆಸ್ಸಿನಲ್ಲಿ ನೇರ ಮಾಡಿಕೊಡುತ್ತೇವೆ ಅನ್ನುವ ಲೇತಿನವರು ಸಿಗುತ್ತಾರೆ, ಬೇಡ ಅನ್ನಿ. ಬಾಡಿ ಇಳಿಸಿ, ಹೊಸ ರಬ್ಬರ್ ಹಾಕಿ, ನಡುವಿನ ಬೋಲ್ಟಿನಿಂದ ಶುರು ಮಾಡಿ ಮುಂದೆ, ಹಿಂದೆ ಬಿಗಿಯಬೇಕು. ಪೂರ್ತಿ ಬಿಗಿಯುವ ಮುಂಚೆ ಬಾಗಿಲು ಹಾಕಿ ತೆಗೆದು ಸಂದು ನೋಡಿ. ಎಡ ಬಾಗಿಲು ಶಿಮ್ (ಸಂದು ತುಂಬುವ ತೆಳು ತಗಡು) ಇಲ್ಲದೆ ಕೂತಿತು, ಚಾಸಿ ಸರಿ ಇದೆ ಅನ್ನಲು ಅದೂ ಒಂದು ಸಾಕ್ಷಿ.

ಅಲೈನ್‌ಮೆಂಟಿನಲ್ಲಿ ಬರೀ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿದ್ದು) ನೋಡಿ ಕಳಿಸಿದರೆ ಒಪ್ಪಬೇಡಿ. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು), ಕ್ಯಾಸ್ಟರ್ (ಸ್ಟೀರಿಂಗಿಗೆ ಚಕ್ರ ತಿರುಗುವ ಅಕ್ಷ ಬದಿಯಿಂದ ನೋಡಿದಾಗ ವಾಲಿದ್ದು), ಕಿಂಗ್‌ಪಿನ್ ಕೋನ (ಅದೇ ಅಕ್ಷ ಮುಂದಿನಿಂದ ನೋಡಿದಾಗ ವಾಲಿದ್ದು), ಹಿಂದಿನ ಆಕ್ಸಲಿನ ಥ್ರಸ್ಟ್ ಕೋನ (ಆಕ್ಸಲ್ ತಳ್ಳುವ ದಿಕ್ಕು ನಡುಗೆರೆಯಿಂದ ಎಷ್ಟು ಓರೆ) ನಾಲ್ಕೂ ಬೇಕು. ಎಡ ಬಲ ಕ್ಯಾಂಬರ್ ಬೇರೆ ಬಂದರೆ, ಕ್ಯಾಂಬರಿಗೆ ಕಿಂಗ್‌ಪಿನ್ ಕೋನ ಕೂಡಿಸಿ ಎರಡೂ ಬದಿ ಹೋಲಿಸಿ. ಮೊತ್ತ ಒಂದೇ ಆದರೆ ತಪ್ಪು ಚಾಸಿಯಲ್ಲೋ ಆರ್ಮಿನಲ್ಲೋ ಇದೆ. ಮೊತ್ತವೇ ಬೇರೆ ಆದರೆ ಚಕ್ರ ಕೂರುವ ಸ್ಟೀರಿಂಗ್ ನಕಲ್ ಬಾಗಿದೆ. ಈ ಗಾಡಿಯಲ್ಲಿ ಎಡ ನಕಲ್ ಬಾಗಿದ್ದು ಹೀಗೆ ಗೊತ್ತಾದದ್ದು, ಅದನ್ನೂ ಬದಲಿಸಿ ಮತ್ತೆ ಮೆಷಿನ್‌ಗೆ ಹಾಕಬೇಕಾಯಿತು.

ರಸ್ತೆಗೆ ಇಳಿಸಿದ್ದು 20, 40, 60 ಕಿ.ಮೀ. ವೇಗದಲ್ಲಿ, ಪ್ರತಿ ಹಂತದಲ್ಲಿ ನಿಲ್ಲಿಸಿ ನಟ್ಟು, ಪೈಪು, ಟೈರ್ ಉಜ್ಜಿದ ಗುರುತು ನೋಡುತ್ತ. ಮಟ್ಟದ ರಸ್ತೆಯಲ್ಲಿ ಸ್ಟೀರಿಂಗ್ ಸಡಿಲ ಹಿಡಿದು ಬ್ರೇಕ್ ಒತ್ತಿದಾಗ ಗಾಡಿ ನೇರ ನಿಂತಿತು. ಮಳೆಗಾಲದಲ್ಲಿ ಇನ್ನೊಂದು ಪರೀಕ್ಷೆ ಬಿಟ್ಟಿ ಸಿಗುತ್ತದೆ. ಒದ್ದೆ ರಸ್ತೆಯಿಂದ ಮಾಡಿನಡಿಯ ಒಣ ಕಾಂಕ್ರೀಟಿಗೆ ನೇರ ಓಡಿಸಿ ಇಳಿದು ನೋಡಿ. ಹಿಂದಿನ ಟೈರಿನ ಒದ್ದೆ ಗುರುತು ಮುಂದಿನದಕ್ಕಿಂತ ಎರಡೂ ಕಡೆ ಒಂದೇ ರೀತಿ ಕೂತಿರಬೇಕು. ಒಂದು ಬದಿಗೆ ಜಾರಿದ್ದರೆ ಗಾಡಿ ಇನ್ನೂ ಓರೆಯಲ್ಲೇ ಓಡುತ್ತಿದೆ.

50 ಕಿ.ಮೀ.ಗೆ ಬಾಡಿ ಬೋಲ್ಟ್, ಆರ್ಮ್ ಬೋಲ್ಟ್ ಮತ್ತೆ ಬಿಗಿದದ್ದು. 500 ಕಿ.ಮೀ.ಗೆ ಪುನಃ ಸ್ಟ್ಯಾಂಡ್ ಮೇಲೆ, ಗುಂಡು, ನೂಲು, ಟ್ಯೂಬು: ಎ2-ಎ3 ಕೊರತೆ 1, ಮುಂದಿನ ಕರ್ಣ 3, ಎತ್ತರ 2. ವೀಲ್‌ಬೇಸ್ ಎಡ 2679, ಬಲ 2680. ತುದಿಯ ಜೋಡಣೆಗೆ ಮತ್ತೊಮ್ಮೆ ಪೆನಿಟ್ರೆಂಟ್ ಹಚ್ಚಿದಾಗ ಬಿಳಿ ಬಿಳಿಯಾಗಿಯೇ ಉಳಿಯಿತು.